ಗ್ರಾಮಸಭೆಗೆ ಕೋರಂ ಆಗಲಿಲ್ಲ, ತಪ್ಪು ಯಾರದು?



ತೊಗರಿ ಹೂವು ಬಿಟ್ಟು ಕಾಯಿ ಕಟ್ಟೋ ಹೊತ್ತು ಇದು. 2025ರ ಮಳೆ ನಮ್ಮ ಜಿಲ್ಲೆಗೆ ಏನು ಮಾಡ್ತು ಅಂತ ನಿಮಗೆ ಹೇಳೋದು ಬ್ಯಾಡ. ಹೆಸರು, ಉದ್ದು ರಾಶಿ ಮಾಡೋ ಹೊತ್ತಿನಲ್ಲೇ ಮಳೆ ಹಿಡೀತು, ಕಾಳು ಗಿಡದಲ್ಲೇ ಮೊಳಕೆ ಬಂತು. ತೊಗರಿ ದಿಬ್ಬದ ಕಡೆ ಚೆನ್ನಾಗಿದೆ, ತಗ್ಗಿನ ಕಡೆ ನೀರು ನಿಂತು ಹಳದಿಯಾಗಿ ನಿಂತಿದೆ. ನಮ್ಮ ಆರು ಎಕರೆಯಲ್ಲಿ ನಾಲ್ಕು ಎಕರೆ ಕೈಗೆ ಬಂದರೆ ಸಾಕು ಅಂತ ಕೂತಿದ್ದೀನಿ. ಹುಳ ಯಾವುದು, ಯಾವ ಔಷಧ ಹೊಡೆದೆ ಅನ್ನೋದನ್ನ ಮುಂದಿನ ಸಲ ಬರೀತೀನಿ.

ಇವತ್ತು ಬೆಳೆ ಬಗ್ಗೆ ಅಲ್ಲ, ಬೆಳೆ ಮನೆಗೆ ಬರೋ ದಾರಿ ಬಗ್ಗೆ ಬರೀಬೇಕು. ಮತ್ತ ಆ ದಾರಿ ಮಾಡಿಸಬೇಕಾದ ಮಂದಿ ಬಗ್ಗೆ. ನಮ್ಮ ಗ್ರಾಮ ಪಂಚಾಯಿತಿಗಳ ಅವಧಿ 2026ರ ಆರಂಭಕ್ಕೆ ಮುಗಿಯೋದು. 2020ರ ಡಿಸೆಂಬರ್‌ನಲ್ಲಿ, ಕೊರೊನಾ ನಡುವೆ ಮಾಸ್ಕ್ ಕಟ್ಟಿಕೊಂಡು ಓಟು ಹಾಕಿದ್ವಲ್ಲ, ಅವರು ಮನೆಗೆ ಹೋಗೋ ಟೈಮು ಬಂತು. ಊರಿನ ಕಟ್ಟೆ ಮೇಲೆ ಈಗಲೇ ಲೆಕ್ಕ ಶುರುವಾಗಿದೆ. "ಈ ಐದು ವರ್ಷ ಏನ್ ಮಾಡ್ಯಾರ್ರೀ? ಏನೂ ಇಲ್ಲ. ಎಲ್ಲಾ ತಿಂದು ಕುಂತಾರ" ಅನ್ನೋ ಮಾತು. ನಾನೂ ಹಿಂಗೇ ಅಂತಿದ್ದೆ. ಜೋರಾಗೇ ಅಂತಿದ್ದೆ. ಯಾಕೆ ಅನ್ನೋದು ಬಿಟ್ಟೆ ಅಂತ ಹೇಳ್ತೀನಿ, ಕೇಳ್ರಿ.

ಹೊಸಬರಿಗೆ ಒಂದು ಮಾತು. ನನ್ನ ಹೊಲ ಕಮಲಾಪುರ ತಾಲ್ಲೂಕಿನಲ್ಲಿ. ತೊಗರಿ, ಒಂದಿಷ್ಟು ಜೋಳ, ಬಾವಿ ಪಕ್ಕ ಒಂದು ಪಟ್ಟಿ ಕೆಂಪು ಬಾಳೆ. ಮಕ್ಕಳ ಓದಿಗೋಸ್ಕರ ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಒಂದು ಬಾಡಿಗೆ ಮನೆ. ವಾರದಲ್ಲಿ ನಾಲ್ಕು ದಿನ ಹೊಲ, ಮೂರು ದಿನ ಕಾಲೋನಿ. ಹಂಗಾಗಿ ನನಗೆ ಗ್ರಾಮ ಪಂಚಾಯಿತಿಯೂ ಗೊತ್ತು, ಮಹಾನಗರ ಪಾಲಿಕೆಯೂ ಗೊತ್ತು. ಊರಿನ ಹೆಸರು, ಮೆಂಬರ್ ಹೆಸರು ಬರೆಯೋದಿಲ್ಲ. ನಮ್ಮೂರಿನ ಮಂದಿಗೆ ಓದಿದ ಕೂಡಲೇ ತಿಳೀತದ, ಉಳಿದವರಿಗೆ ಹೆಸರು ಬೇಕಾಗಿಲ್ಲ.

ಹೊಲಕ್ಕೆ ಹೋಗೋ ದಾರಿಯಲ್ಲಿ ಒಂದು ಸಣ್ಣ ಹಳ್ಳ ಇದೆ. ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ಅದರ ಮೇಲಿನ ಹಳೆ ಸಿಡಿ ಕೊಚ್ಚಿ ಹೋಯ್ತು. ಮಳೆಗಾಲ ಹೆಂಗೋ ಕಳೀತು, ಮೊಣಕಾಲು ನೀರಿನಲ್ಲಿ ದಾಟಿದ್ವಿ. ರಾಶಿ ಟೈಮಿಗೆ ಟ್ರ್ಯಾಕ್ಟರ್ ಇಳಿಯಲೇ ಇಲ್ಲ. ದಂಡೆ ಕಡಿದು ಆಳ ಆಗಿತ್ತು. ಇಪ್ಪತ್ತೆಂಟು ಚೀಲ ತೊಗರಿಯನ್ನ ಹಮಾಲರ ಹೆಗಲ ಮೇಲೆ ಹೊರಿಸಿ, ಆ ಕಡೆ ದಂಡೆಗೆ ಗಾಡಿ ನಿಲ್ಲಿಸಿ ತಂದೆ. ಚೀಲಕ್ಕೆ ಇಷ್ಟು ಅಂತ ಕೂಲಿ, ಮೇಲೆ ಗಾಡಿ ಬಾಡಿಗೆ, ಒಂದು ದಿನ ಹಾಳು. ನನ್ನ ಹಂಗೇ ಆ ಕಡೆ ಹೊಲ ಇದ್ದ ಹದಿನೇಳು ಮನೆಯವರದೂ ಇದೇ ಗೋಳು.

ಸಿಟ್ಟು ನೆತ್ತಿಗೇರಿತ್ತು. ಸೀದಾ ನಮ್ಮ ವಾರ್ಡಿನ ಮೆಂಬರ್ ಮನೆಗೆ ಹೋದೆ. ಆಕೆ ಮೀಸಲು ಸೀಟಿನಲ್ಲಿ ಗೆದ್ದವರು. ಮೆಂಬರ್ ಆದ ಮೇಲೂ ಕಳೆ ತೆಗೆಯೋ ಕೂಲಿಗೆ ಹೋಗೋದು ಬಿಟ್ಟಿಲ್ಲ. ತಿಂಗಳಿಗೆ ಎರಡು ಸಾವಿರದ ಆಸುಪಾಸು ಗೌರವಧನದಲ್ಲಿ ಯಾರ ಮನೆ ನಡೀತದ ಹೇಳ್ರಿ? ನಾನು ಹೋದಾಗ ಹೊಲದಿಂದ ಬಂದು ಕೈಕಾಲು ತೊಳೀತಾ ಇದ್ದರು. ಅಂಗಳದಲ್ಲಿ ನಿಂತು ಬಾಯಿಗೆ ಬಂದಂಗೆ ಅಂದೆ. ಓಟು ಕೇಳೋಕೆ ಬಂದಾಗ ಇದ್ದ ಬಾಯಿ ಈಗ ಎಲ್ಲಿ ಹೋಯ್ತು ಅಂದೆ. ಮಂದಿ ಸೇರಿದರು. ಆಕೆ ಪೂರ್ತಿ ಕೇಳಿಸಿಕೊಂಡು ಸಾವಕಾಶ ಹೇಳಿದರು:

"ಅಣ್ಣಾ, ನಿಮ್ಮ ಸಿಟ್ಟು ಖರೆ ಅದ. ನಾ ಎರಡು ಸಲ ಮೀಟಿಂಗಿನಾಗ ಹೇಳಿನಿ. ಬರಕೊಂಡಾರೋ ಇಲ್ಲೋ ನನಗ ಗೊತ್ತಿಲ್ಲ. ಗ್ರಾಮಸಭಾ ಇಟ್ಟಾಗ ನಿಮ್ಮ ಪೈಕಿ ಒಬ್ರೂ ಬರಲಿಲ್ಲ. ಕೋರಂ ಆಗಿಲ್ಲಂತ ಎಲ್ಲಾ ಎದ್ದು ಹೋದ್ರು. ನಾ ಒಬ್ಬಾಕಿ ಹೇಳಿದ್ರ ಅದು ಒಬ್ಬಾಕಿ ಮಾತು. ನೀವು ಹಿಂದ ನಿಂತ್ರ ಊರ ಮಾತು ಆಗ್ತಿತ್ತು."

ಬಂದ ಸಿಟ್ಟು ಎಲ್ಲಿ ಇಡಬೇಕು ತಿಳೀಲಿಲ್ಲ. ಗ್ರಾಮಸಭೆ ಇದ್ದ ದಿನ ನನಗೆ ಗೊತ್ತಿತ್ತು. ಡಂಗುರ ಸಾರಿದ್ದರು, ನಾನೇ ಕೇಳಿದ್ದೆ. ಅವತ್ತು ನಾನು ಊರಲ್ಲೇ ಇದ್ದೆ ಕೂಡ. ಹೋಟೆಲ್ ಮುಂದೆ ಚಹಾ ಕುಡೀತಾ, ರಾಜ್ಯದಲ್ಲಿ ಯಾರ ಸರ್ಕಾರ ಬರ್ತದ ಅಂತ ಲೆಕ್ಕ ಹಾಕ್ತಾ ಕೂತಿದ್ದೆ. ಪಂಚಾಯಿತಿ ಆಫೀಸು ಅಲ್ಲಿಂದ ಇನ್ನೂರು ಹೆಜ್ಜೆ.

ಮರುದಿನ ಕಾಲೋನಿ ಮನೆಗೆ ಬಂದು ಮಗಳಿಗೆ ಹೇಳಿದೆ. ಆಕೆ ಡಿಗ್ರಿ ಓದ್ತಾಳೆ. "ಅಪ್ಪಾ, ನಡಾವಳಿ ಪುಸ್ತಕ ನೋಡೋಣ ನಡಿ" ಅಂದಳು. ರಜೆ ದಿನ ಮೆಂಬರ್ ಜೊತೆಗೆ ಮೂವರೂ ಹೋಗಿ ಕೇಳಿದ್ವಿ. ಮೊದಲು ಸಾಹೇಬರು ಇಲ್ಲ ಅಂದರು, ಆಮೇಲೆ ನಾಳೆ ಬರ್ರಿ ಅಂದರು, ಮೂರನೇ ಸಲಕ್ಕೆ ಕೊಟ್ಟರು. ಮಗಳು ಓದಿದಳು. ಎರಡು ಮೀಟಿಂಗಿನ ನಡಾವಳಿಯಲ್ಲೂ ಹಳ್ಳದ ಸಿಡಿ ಬಗ್ಗೆ ಒಂದು ಅಕ್ಷರ ಇರಲಿಲ್ಲ. ಕೆಳಗೆ ಮೆಂಬರ್ ಸಹಿ ಇತ್ತು. ಆಕೆಗೆ ಸಹಿ ಮಾಡೋಕೆ ಬರ್ತದ, ಅಷ್ಟು ಸರಾಗ ಓದೋಕೆ ಬರೋದಿಲ್ಲ. ತಾನು ಹೇಳಿದ ಮಾತು ಇಲ್ಲದ ಕಾಗದಕ್ಕೆ ತಾನೇ ಸಹಿ ಹಾಕಿದ್ದರು. ಮುಖ ಸಣ್ಣದು ಮಾಡಿಕೊಂಡು ನಿಂತರು. ಇದರಲ್ಲಿ ಆಕೆಯ ತಪ್ಪು ಎಷ್ಟು, ಬರೆಯದೇ ಬಿಟ್ಟವರದು ಎಷ್ಟು, ಐದು ವರ್ಷ ಆಕೆಗೆ ಒಂದು ಕಾಗದ ಓದಿ ಹೇಳದ ನಮ್ಮದು ಎಷ್ಟು? ನೀವೇ ಲೆಕ್ಕ ಹಾಕ್ರಿ.

ಕಾನೂನು ಜರಾ ತಿಳಕೊಳ್ಳೋಣ, ಬೇಜಾರು ಮಾಡ್ಕೋಬ್ಯಾಡ್ರಿ. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ 1993ರದ್ದು. ಅದರ ಪ್ರಕಾರ ವಾರ್ಡ್ ಸಭೆ, ಗ್ರಾಮಸಭೆ ಎರಡೂ ಆರು ತಿಂಗಳಿಗೆ ಒಮ್ಮೆಯಾದರೂ ಆಗಬೇಕು. ಗ್ರಾಮಸಭೆಗೆ ಕೋರಂ ಅಂದರೆ ಮತದಾರರ ಹತ್ತರಲ್ಲಿ ಒಂದು ಪಾಲು, ಇಲ್ಲಾಂದ್ರೆ ನೂರು ಮಂದಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಬರೀ ನೂರು ಮಂದಿ ರೀ! ಒಂದು ಮದುವೆ ಊಟದ ಮೊದಲ ಪಂಕ್ತಿಗೆ ಕೂರೋದಕ್ಕಿಂತ ಕಡಿಮೆ. ನಾಲ್ಕಾರು ಸಾವಿರ ಮಂದಿ ಇರೋ ಪಂಚಾಯಿತಿಯಲ್ಲಿ ನೂರು ಮಂದಿ ಸೇರೋದಿಲ್ಲ ಅಂದರೆ ಮೆಂಬರ್ ಯಾರನ್ನ ತೋರಿಸಿ ಮಾತಾಡಬೇಕು?

ಅಲ್ಲಿ ಕೂತ ಮೆಂಬರ್ ಸ್ಥಿತಿ ಹೆಂಗಿರ್ತದ ನೋಡ್ರಿ. ಒಂದು ಕಡೆ ಓದು ಬರಹ ಕಲಿತ, ಕಾಯ್ದೆ ಗೊತ್ತಿದ್ದ ಅಧಿಕಾರಿ. ಇನ್ನೊಂದು ಕಡೆ ಹಳೆ ಕುಳ, ಗುತ್ತಿಗೆ ಮಾಡೋರು. ನಡುವೆ ಮೊದಲ ಸಲ ಕುರ್ಚಿ ಮೇಲೆ ಕೂತ ಹೆಣ್ಣುಮಗಳು. ಹಿಂದೆ ನಾವು ಇದ್ದರೆ ಆಕೆಯ ಮಾತಿಗೆ ತೂಕ. ಇಲ್ಲದಿದ್ದರೆ ಸಹಿ ಹಾಕಿಸಿಕೊಳ್ಳೋಕೆ ಮಾತ್ರ ಬೇಕಾಗ್ತಾಳೆ. ಆಕೆಯ ಗಂಡನೋ ಮೈದುನನೋ ಬಂದು ಕುರ್ಚಿ ಮೇಲೆ ಕೂರೋದೂ ಇಂಥ ಕಡೆನೇ. ಅದಕ್ಕೆ ನಾವು ನಗ್ತೀವಿ. ಆಕೆಯನ್ನ ನೇರವಾಗಿ ಮಾತಾಡಿಸಿದವರು ನಮ್ಮಲ್ಲಿ ಎಷ್ಟು ಮಂದಿ?

ಮುಂದಿನ ಗ್ರಾಮಸಭೆಗೆ ನಾವು ಹದಿನೇಳು ಮನೆಯವರು ಮನೆಮನೆ ತಿರುಗಿದ್ವಿ. ಖರೆ ಹೇಳಬೇಕಂದ್ರ ಗಂಡಸರಿಗಿಂತ ಸಂಘದ ಹೆಣ್ಣುಮಕ್ಕಳೇ ಹೆಚ್ಚು ಮಂದಿಯನ್ನ ಕರಕೊಂಡು ಬಂದರು. ನೂರಾ ಹನ್ನೆರಡು ಸಹಿ ಆಯ್ತು. ಅರ್ಜಿ ಬರೆದು ಕೊಟ್ಟು, ಅದರ ಇನ್ನೊಂದು ಪ್ರತಿ ಮೇಲೆ ಸೀಲು ಹಾಕಿಸಿಕೊಂಡ್ವಿ. ಮೆಂಬರ್ ಎದ್ದು ನಿಂತು ಹಳ್ಳದ ಮಾತು ತೆಗೆದಾಗ ಹಿಂದೆ ನೂರು ಮಂದಿ "ಹೌದು" ಅಂದರು. ಆಕೆಯ ದನಿ ಅವತ್ತು ಬೇರೆ ಇತ್ತು. ಹೊಲದ ದಾರಿ ಕೆಲಸಕ್ಕೆ ಉದ್ಯೋಗ ಖಾತ್ರಿಯಲ್ಲಿ ಅವಕಾಶ ಇದೆ, ಕ್ರಿಯಾ ಯೋಜನೆಗೆ ಸೇರಿಸೋಣ ಅಂತ ಅಧಿಕಾರಿಗಳೇ ಹೇಳಿದರು. ಸಭೆ ಮುಗಿದ ಮೇಲೆ ಮಗಳು ನಡಾವಳಿ ಓದಿ ಹೇಳಿದಳು, ಆಮೇಲೆ ಮೆಂಬರ್ ಸಹಿ ಮಾಡಿದರು.

ಮುಂದಿನ ಬ್ಯಾಸಿಗಿಗೆ ಎರಡು ಪೈಪು ಇಟ್ಟು ಮಣ್ಣು ಏರಿಸಿದರು. ಬಹಳ ದೊಡ್ಡ ಕೆಲಸ ಏನಲ್ಲ. ಈ ವರ್ಷದ ಮಳೆಗೆ ಒಂದು ಮಗ್ಗಲು ಜರಿದಿದೆ. ಆದರೂ ಟ್ರ್ಯಾಕ್ಟರ್ ಹೋಗ್ತದ. ಹೋದ ಸಲದ ರಾಶಿ ಸೀದಾ ಮನೆ ಅಂಗಳಕ್ಕೆ ಬಂತು.

ಇಲ್ಲಿಗೇ ನಿಲ್ಲಿಸಿದರೆ ಇದು ನಮ್ಮ ಶಾಬಾಸಗಿರಿ ಕಥೆ ಆಗ್ತದ. ಇದರ ಇನ್ನೊಂದು ಅರ್ಧ ಇದೆ. ಅದನ್ನ ಬರೆಯೋಕೆ ನನಗೆ ನಾಚಿಕೆ, ಆದರೂ ಬರೀತೀನಿ.

ಅವತ್ತಿನ ಗ್ರಾಮಸಭೆಯಲ್ಲಿ ಆಕೆಯದೇ ಒಂದು ವಿಷಯ ಇತ್ತು. ಆಕೆ ಇರೋ ಓಣಿಯ ಚರಂಡಿ. ಮೇಲಿನ ಓಣಿಗಳ ನೀರೆಲ್ಲಾ ಅಲ್ಲಿಗೆ ಬಂದು ನಿಲ್ತದ. ಮಳೆಗಾಲದಲ್ಲಿ ಹೊಸ್ತಿಲು ದಾಟಿ ಒಳಗೆ ಬರ್ತದ. ಅದು ಪಟ್ಟಿಯಲ್ಲಿ ಕಟ್ಟಕಡೆಗೆ ಇತ್ತು. ನಮ್ಮ ಸಿಡಿ ವಿಷಯ ಪಾಸಾದ ಕೂಡಲೇ ನಾವು ಹದಿನೇಳು ಮನೆಯವರು ಎದ್ವಿ. ಬಿಸಿಲು, ಊಟದ ಹೊತ್ತು, ಎಮ್ಮೆ ಬಿಡಬೇಕು, ಎಲ್ಲರಿಗೂ ಒಂದೊಂದು ನೆವ. ನಮ್ಮ ಹಿಂದೆ ಉಳಿದವರೂ ಎದ್ದರು. ಚರಂಡಿ ವಿಷಯ ಬರೋ ಹೊತ್ತಿಗೆ ಇಪ್ಪತ್ತು ಮಂದಿ ಉಳಿದಿದ್ದರಂತೆ. "ಮುಂದಿನ ಸಲ ನೋಡೋಣ" ಅಂದರು. ಇವತ್ತಿಗೂ ಆ ಚರಂಡಿ ಹಂಗೇ ಇದೆ. ಈ ಸಲದ ಮಳೆಯಲ್ಲಿ ಆ ಓಣಿಯ ಮಂದಿ ಮೂರು ರಾತ್ರಿ ನೀರು ಎತ್ತಿ ಹಾಕಿದರು. ಅದೇ ದಿನಗಳಲ್ಲಿ ನನ್ನ ಟ್ರ್ಯಾಕ್ಟರ್ ಪೈಪಿನ ಮೇಲೆ ಹಾಯ್ದು ಹೋಗ್ತಿತ್ತು.

ಮೆಂಬರಿಗೆ ಬೆಂಬಲ ಕೊಡೋದು ಅಂದರೆ ಏನು ಅಂತ ನನಗೆ ತಿಳಿದದ್ದು ಆಮೇಲೆ. ನನ್ನ ಕೆಲಸ ಆಗೋತನಕ ಹಿಂದೆ ನಿಂತು, ಆದ ಮೇಲೆ ಎದ್ದು ಬರೋದು ಬೆಂಬಲ ಅಲ್ಲ. ಅದು ವ್ಯಾಪಾರ. ಇನ್ನೊಬ್ಬರ ಓಣಿಯ ಮಾತು ಬಂದಾಗಲೂ ಕೂತಿರಬೇಕು. ಗ್ರಾಮಸಭೆ ಕಡೆತನಕ ಕೂತವರ ಸಭೆ.

ಈಗ ಮೇಲಿನ ಮೆಟ್ಟಿಲು ನೋಡ್ರಿ. ಪಂಚಾಯಿತಿಯಿಂದ ಉದ್ಯೋಗ ಖಾತ್ರಿ ಕ್ರಿಯಾ ಯೋಜನೆ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ ಹೋಗಬೇಕು. ಅಲ್ಲಿ ನಮ್ಮ ಪರವಾಗಿ ಯಾರಿದ್ದಾರೆ? ಯಾರೂ ಇಲ್ಲ. ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿಗೆ ಕಡೆಯ ಸಲ ಓಟು ಹಾಕಿದ್ದು 2016ರ ಫೆಬ್ರವರಿಯಲ್ಲಿ. 2021ಕ್ಕೆ ಆ ಅವಧಿ ಮುಗೀತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ನಾಲ್ಕು ವರ್ಷದ ಮೇಲಾಯ್ತು, ಚುನಾವಣೆ ಇಲ್ಲ. ಆಡಳಿತಾಧಿಕಾರಿಗಳೇ ನಡೆಸ್ತಾ ಇದ್ದಾರೆ. ಪಕ್ಷ ಬದಲಾಯ್ತು, ಸರ್ಕಾರ ಬದಲಾಯ್ತು, ಇದು ಮಾತ್ರ ಬದಲಾಗಲಿಲ್ಲ. ನಮ್ಮ ಕಮಲಾಪುರದ್ದು ಇನ್ನೂ ವಿಚಿತ್ರ. ಕಮಲಾಪುರ ತಾಲ್ಲೂಕು ಆಗಿದ್ದು 2018ರಲ್ಲಿ. 2016ರಲ್ಲಿ ನಾವು ಓಟು ಹಾಕಿದ್ದು ಕಲಬುರಗಿ ತಾಲ್ಲೂಕಿನ ಹೆಸರಲ್ಲಿ. ಅಂದರೆ ನಮ್ಮ ತಾಲ್ಲೂಕಿನ ಹೆಸರಲ್ಲಿ ಒಂದೇ ಒಂದು ತಾಲ್ಲೂಕು ಪಂಚಾಯಿತಿ ಚುನಾವಣೆ ಇವತ್ತಿನತನಕ ಆಗಿಲ್ಲ. ತಾಲ್ಲೂಕು ಬೇಕು ಅಂತ ಎಷ್ಟು ಕೂಗಿದ್ವಿ. ತಾಲ್ಲೂಕಿಗೆ ಆರಿಸಿದ ಮೆಂಬರ್ ಬೇಕು ಅಂತ ಒಂದು ಸಲವಾದರೂ ಕೂಗಿದ್ವಾ?

ಅಧಿಕಾರಿಗಳು ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಒಳ್ಳೆಯವರನ್ನ ಬಹಳ ಮಂದಿಯನ್ನ ನೋಡಿದ್ದೀನಿ. ಆದರೆ ಅಧಿಕಾರಿಗೆ ವರ್ಗಾವಣೆ ಇರ್ತದ. ನನ್ನ ಊರಿನ ಹಳ್ಳ ಅವರಿಗೆ ಫೈಲಿನ ಒಂದು ಸಾಲು. ಮೆಂಬರ್ ಅದೇ ಹಳ್ಳ ದಾಟಿ ಕೂಲಿಗೆ ಹೋಗ್ತಾಳೆ. ಐದು ವರ್ಷ ಆದ ಮೇಲೆ ಮತ್ತ ನಮ್ಮ ಅಂಗಳಕ್ಕೆ ಬರಲೇಬೇಕು. ಅಂಗಳದಲ್ಲಿ ನಿಂತು ಬೈಯೋಕಾದರೂ ಒಬ್ಬರು ಬೇಕಲ್ಲೇನ್ರಿ!

ಹಳೆ ಮಾತು ಒಂದು ನೆನಪಿಸ್ತೀನಿ. ನಮ್ಮ ಕಡೆ ನಿಜಾಮರ ಕಾಲದಲ್ಲಿ ಊರು ಅಂದರೆ ಪಟೇಲ, ಪಟವಾರಿ. ರೈತನ ಮಾತು ಚಾವಡಿ ಮೆಟ್ಟಿಲು ಹತ್ತತಿರಲಿಲ್ಲ. ಆಮೇಲೆ ಪಂಚಾಯಿತಿ ಬಂದರೂ ಕೈಯಲ್ಲಿ ಅಧಿಕಾರ ಕಡಿಮೆ, ದುಡ್ಡು ಇನ್ನೂ ಕಡಿಮೆ. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಆಗಿದ್ದಾಗ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್. ಊರೂರಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ ಮಂದಿ ಅವರನ್ನ ನೀರ್ ಸಾಬ್ ಅಂತಿದ್ದರು. ಅವರು ತಂದ 1983ರ ಕಾಯ್ದೆ ಪ್ರಕಾರ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಚುನಾವಣೆ ಆಯ್ತು. ಹೆಣ್ಣುಮಕ್ಕಳಿಗೆ ನಾಲ್ಕರಲ್ಲಿ ಒಂದು ಸೀಟು ಅಂತ ನಮ್ಮ ರಾಜ್ಯ ಆಗಲೇ ಮಾಡಿತ್ತು. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದಿದ್ದು ಅದಾಗಿ ಆರು ವರ್ಷಕ್ಕೆ, 1993ರ ಏಪ್ರಿಲ್ 24ಕ್ಕೆ. ದೇಶಕ್ಕಿಂತ ಮುಂದೆ ನಡೆದ ರಾಜ್ಯ ನಮ್ಮದು. ಅದೇ ರಾಜ್ಯದಲ್ಲಿ ಈಗ ಎರಡು ಹಂತದ ಪಂಚಾಯಿತಿಗೆ ವರ್ಷಗಟ್ಟಲೆ ಚುನಾವಣೆ ಇಲ್ಲ. ನಜೀರ್ ಸಾಬರ ಹೆಸರಿನ ತರಬೇತಿ ಸಂಸ್ಥೆ ಮೈಸೂರಿನಲ್ಲಿದೆ, ಗೆದ್ದ ಮೆಂಬರುಗಳಿಗೆ ತರಬೇತಿ ಕೊಡೋಕೆ. ಆರಿಸಿದ ಮೆಂಬರೇ ಇಲ್ಲದಿದ್ದರೆ ಯಾರಿಗೆ ಕೊಡ್ತಾರೆ?

ಇದು ಹಳ್ಳಿ ರೋಗ ಅಂತ ಪಟ್ಟಣದವರು ತಿಳಕೋಬ್ಯಾಡ್ರಿ. ಕಲಬುರಗಿ ಮಹಾನಗರ ಪಾಲಿಕೆಗೆ 2021ರ ಸೆಪ್ಟೆಂಬರ್ 3ರಂದು ಮತದಾನ ಆಯ್ತು. 55 ವಾರ್ಡು. ಯಾವ ಪಕ್ಷಕ್ಕೂ ಪೂರ್ತಿ ಬಹುಮತ ಬರಲಿಲ್ಲ. ಮೇಯರ್ ಆಯ್ಕೆ ಆಗಿದ್ದು ಯಾವಾಗ ಗೊತ್ತಾ? 2023ರ ಮಾರ್ಚ್‌ನಲ್ಲಿ. ಒಂದೂವರೆ ವರ್ಷ 55 ಮಂದಿ ಗೆದ್ದವರು ಇದ್ದರು, ಮೇಯರ್ ಇರಲಿಲ್ಲ. ಐದು ವರ್ಷದ ಅವಧಿಯಲ್ಲಿ ಒಂದೂವರೆ ವರ್ಷ ಅಂದರೆ ಮುಂಗಾರು ಬಿತ್ತಿಗಿ ಹಂಗಾಮು ಕಳಕೊಂಡಂಗೆ. ಆಗ ನಾವು ಕಾಲೋನಿಯವರು ಏನು ಮಾಡಿದ್ವಿ? ಮೇಯರ್ ಯಾಕಿಲ್ಲ ಅಂತ ಒಂದು ಅರ್ಜಿ ಬರೀಲಿಲ್ಲ. ಯಾವ ಪಕ್ಷದವರು ಆಗ್ತಾರೆ ಅಂತ ಪಂದ್ಯ ಕಟ್ಟಿದ್ವಿ.

ಹೋದ ತಿಂಗಳು ಜೇವರ್ಗಿ ಕಾಲೋನಿಯಲ್ಲಿ ಸಂಜೆ ಐದಾರು ಮಂದಿ ಮಾತಾಡ್ತಾ ನಿಂತಿದ್ವಿ. ಒಬ್ಬರು ಬ್ಯಾಂಕಿನವರು, ಒಬ್ಬರು ಮಾಸ್ತರು, ಒಬ್ಬರು ರಿಟೈರ್ಡ್ ಇಂಜಿನಿಯರ್, ಮತ್ತ ನನ್ನಂಥವರು. ಬೀದಿ ದೀಪ, ಕಸದ ಗಾಡಿ ಅಂತ ಮಾತು ಬಂತು. ನಾನು ಕೇಳಿದೆ, "ನಮ್ಮ ವಾರ್ಡಿನ ಕಾರ್ಪೊರೇಟರ್ ನಂಬರು ಯಾರ ಹತ್ರ ಅದ?" ಒಬ್ಬರ ಹತ್ತಿರ ಮಾತ್ರ ಇತ್ತು. ಇಬ್ಬರಿಗೆ ಹೆಸರೂ ಗೊತ್ತಿರಲಿಲ್ಲ. ಅಮೆರಿಕದ ಅಧ್ಯಕ್ಷರ ಮಾತು ಬಂದರೆ ಎಲ್ಲರೂ ಮಾತಾಡ್ತೀವಿ. ನಾನೂ ದೊಡ್ಡ ಮನುಷ್ಯ ಅಲ್ಲ, ನನ್ನ ಫೋನಿನಲ್ಲೂ ಆ ನಂಬರು ಇರಲಿಲ್ಲ. ಪಟ್ಟಣದಲ್ಲೂ ವಾರ್ಡ್ ಸಮಿತಿ ಅಂತ ಕಾನೂನಿನಲ್ಲಿ ಇದೆ. ಕೇಳಿದವರು ಯಾರು?

ಬೇರೆ ಕಡೆ ಹಿಂಗೇ ಇಲ್ಲ. ಕೇರಳದವರು 1996ರಲ್ಲಿ ಜನರ ಯೋಜನೆ ಅಂತ ಶುರು ಮಾಡಿ, ರಾಜ್ಯದ ಯೋಜನಾ ಹಣದ ಮೂರನೇ ಒಂದು ಪಾಲಿಗಿಂತ ಹೆಚ್ಚು ಪಂಚಾಯಿತಿ, ನಗರಸಭೆಗಳಿಗೆ ಕೊಟ್ಟರು. ಯಾವ ಕೆಲಸ ಅಂತ ಊರಿನವರು ಕೂತು ಹೇಳಿದರು. ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ಪಟ್ಟಣದಲ್ಲಿ 1989ರಿಂದ ಓಣಿ ಓಣಿಯವರು ಸಭೆ ಸೇರಿ ಪಾಲಿಕೆ ಬಜೆಟ್ಟಿನಲ್ಲಿ ಮೊದಲು ಏನಾಗಬೇಕು ಅಂತ ಆರಿಸಿದರು. ಅವರೂ ನಮ್ಮಂಥ ಮಂದಿನೇ. ಸಭೆಗೆ ಹೋದರು, ಅಷ್ಟೇ.

ಈಗ ನೀವು ಕೇಳ್ತೀರಿ, "ಮೆಂಬರುಗಳು ಪರ್ಸೆಂಟೇಜ್ ತಿಂತಾರಲ್ಲ, ಅವರಿಗೂ ಬೆಂಬಲ ಕೊಡಬೇಕಾ?" ಕೇಳಬೇಕಾದ ಮಾತೇ. ಬೆಂಬಲ ಅಂದರೆ ಹಾರ ಹಾಕೋದು, ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಕಟ್ಟೋದು ಅಂತ ನಾನು ಹೇಳ್ತಾ ಇಲ್ಲ. ಅದು ಮೆಂಬರನ್ನ ಹಾಳು ಮಾಡೋ ದಾರಿ. ಲೆಕ್ಕ ಕೇಳೋದೂ ಬೆಂಬಲದ ಒಳಗೇ ಬರ್ತದ. ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ಅಂತ ಆಗ್ತದ. ಎಷ್ಟು ಬಂತು, ಎಷ್ಟು ಖರ್ಚಾಯ್ತು, ಯಾವ ಕೆಲಸ ಎಲ್ಲಿ ಅಂತ ಪುಸ್ತಕ ತೆಗೆದು ಇಡಬೇಕು, ಕೆಲಸದ ಜಾಗಕ್ಕೆ ಹೋಗಿ ನೋಡಬೇಕು. ಅವತ್ತು ಮಂದಿ ಇದ್ದರೆ ಪ್ರಾಮಾಣಿಕ ಮೆಂಬರಿಗೆ ಧೈರ್ಯ, ಕಳ್ಳನಿಗೆ ಅಂಜಿಕೆ. ಯಾರೂ ಇಲ್ಲದಿದ್ದರೆ ಇಬ್ಬರೂ ಒಂದೇ ಸಾಲಿಗೆ ಬರ್ತಾರೆ.

ಇನ್ನೊಂದು ಮಾತು. 2020ರ ಚುನಾವಣೆ ಟೈಮಿನಲ್ಲಿ ನಮ್ಮ ಜಿಲ್ಲೆಯೂ ಸೇರಿ ರಾಜ್ಯದ ಅಲ್ಲಲ್ಲಿ ಪಂಚಾಯಿತಿ ಸೀಟು ಹರಾಜು ಹಾಕಿದ ಸುದ್ದಿ ಬಂದಿತ್ತು. ಗುಡಿಗೆ ದುಡ್ಡು ಬರ್ತದ, ಜಗಳ ಇರೋದಿಲ್ಲ ಅಂತ ಸಮರ್ಥನೆ ಬೇರೆ. ದುಡ್ಡು ಕೊಟ್ಟು ಸೀಟು ತಗೊಂಡವನು ನಮಗೆ ಯಾಕೆ ಉತ್ತರ ಕೊಡ್ತಾನೆ? ಅವನು ಖರೀದಿ ಮಾಡ್ಯಾನ. ಓಟಿಗೆ ಐನೂರು ತಗೊಂಡವರದೂ ಇದೇ ಕಥೆ, ಚಿಲ್ಲರೆ ಹರಾಜು.

ತೆರಿಗೆ ಮಾತೂ ಹೇಳಿಬಿಡ್ತೀನಿ, ಬೈದರೂ ಪರವಾಗಿಲ್ಲ. ನಮ್ಮ ಮನೆಯ ಮನೆಪಟ್ಟಿ ನಾಲ್ಕು ವರ್ಷ ಬಾಕಿ ಇತ್ತು. ನಡಾವಳಿ ನೋಡೋಕೆ ಹೋದಾಗ ಅಲ್ಲಿದ್ದವರು ನಗ್ತಾ ತೋರಿಸಿದರು. ನಾಚಿಕೆಯಾಗಿ ಅವತ್ತೇ ಕಟ್ಟಿದೆ. ಮೇಲಿಂದ ಬರೋ ಹಣಕಾಸು ಆಯೋಗದ ಅನುದಾನದಲ್ಲಿ ಬಹಳಷ್ಟು ಕುಡಿಯೋ ನೀರು, ಸ್ವಚ್ಛತೆ ಅಂತ ಮೊದಲೇ ಗೆರೆ ಹಾಕಿ ಬರ್ತದ. ಪಂಚಾಯಿತಿ ತನ್ನ ಮನಸ್ಸಿನಂತೆ ಖರ್ಚು ಮಾಡೋ ದುಡ್ಡು ಅಂದರೆ ಮುಖ್ಯವಾಗಿ ನಾವು ಕಟ್ಟೋ ತೆರಿಗೆ. ನಾವು ಕಟ್ಟೋದಿಲ್ಲ, ಬೀದಿ ದೀಪ ಹತ್ತಲಿಲ್ಲ ಅಂತ ಮೆಂಬರ್ ಮನೆ ಮುಂದೆ ನಿಲ್ತೀವಿ. ತೆರಿಗೆ ಕಟ್ಟಿದ ರಶೀದಿ ಜೇಬಿನಲ್ಲಿದ್ದರೆ ಕೇಳೋ ದನಿಯೇ ಬೇರೆ ಆಗ್ತದ. ನಾನು ಅನುಭವಿಸಿದ ಮಾತು ಇದು.

ಹೋದ ವಾರ ಮೆಂಬರ್ ನಮ್ಮ ಹೊಲದ ಕಡೆ ಸಿಕ್ಕಿದ್ದರು. ಮತ್ತ ನಿಲ್ತೀರಾ ಅಂತ ಕೇಳಿದೆ. "ಸಾಕಣ್ಣಾ" ಅಂದರು. "ಐದು ವರ್ಷ ಎಲ್ಲರ ಬೈಗುಳ ತಿಂದೀನಿ. ನಮ್ಮ ಓಣಿ ಚರಂಡಿ ಒಂದು ಮಾಡ್ಸಾಕ ಆಗಲಿಲ್ಲ. ಯಾವ ಮಾರಿ ಇಟ್ಕೊಂಡು ಓಟು ಕೇಳ್ಲಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಚರಂಡಿ ಆಗದೇ ಇದ್ದದ್ದಕ್ಕೆ ನಾನೂ ಪಾಲುದಾರ, ಆಕೆಗೂ ಗೊತ್ತು, ನನಗೂ ಗೊತ್ತು. ಐದು ವರ್ಷದಲ್ಲಿ ನಡಾವಳಿ ಕೇಳೋದು ಕಲಿತರು, ಅಧಿಕಾರಿ ಮುಂದೆ ಎದ್ದು ನಿಂತು ಮಾತಾಡೋದು ಕಲಿತರು. ಈಗ ಮನೆಗೆ ಹೋಗ್ತಾರೆ. ನಾವು ಇನ್ನೊಬ್ಬ ಹೊಸಬರನ್ನ ಆರಿಸಿ, ಅವರನ್ನೂ ಒಂಟಿ ಬಿಟ್ಟು, ಮತ್ತ ಐದು ವರ್ಷ ಆದ ಮೇಲೆ "ಏನ್ ಮಾಡ್ಯಾರ್ರೀ" ಅಂತೀವಿ.

ತೊಗರಿ ಬಿತ್ತಿ ಬಂದು ಮನೆಯಲ್ಲಿ ಕೂತವರನ್ನ ನಾನು ನೋಡಿಲ್ಲ. ಎಡಿ ಹೊಡೀಬೇಕು, ಕಳೆ ತೆಗೀಬೇಕು, ಹೂವಿನಲ್ಲಿ ಹುಳ ನೋಡಬೇಕು. ಓಟು ಹಾಕಿದ ಮೇಲೆ ಮಾತ್ರ ನಾವು ಐದು ವರ್ಷ ಆ ಹೊಲದ ಕಡೆ ಹಾಯೋದಿಲ್ಲ. ರಾಶಿ ದಿನ ಹೋಗಿ ಕಾಳು ಯಾಕಿಲ್ಲ ಅಂತ ಜಗಳ ತೆಗೀತೀವಿ.

ನಾವು ಹದಿನೇಳು ಮನೆಯವರಲ್ಲಿ ಒಂಬತ್ತು ಮನೆಯವರು ಕೂತು ಮಾತಾಡಿದ್ದೀವಿ. ಅವಧಿ ಮುಗಿಯೋದರೊಳಗೆ ಒಂದು ಗ್ರಾಮಸಭೆ ಆಗಬೇಕು ಅಂತ ಅರ್ಜಿ ಕೊಟ್ಟಿದ್ದೀವಿ. ವಿಷಯ ಒಂದೇ, ಆ ಓಣಿಯ ಚರಂಡಿ. ಅದು ಮೊದಲನೇ ವಿಷಯ ಆಗಲಿ, ಕಡೇ ವಿಷಯ ಆಗಲಿ, ನೂರು ಮಂದಿ ಕೂತಿರ್ತೀವಿ. ಆಗ್ತದ ಅಂತ ನಾನು ಗ್ಯಾರಂಟಿ ಕೊಡೋದಿಲ್ಲ. ಆಗದಿದ್ದರೂ ನಡಾವಳಿಯಲ್ಲಿ ಬರೆಸಿ ಬರ್ತೀವಿ. ಹೊಸದಾಗಿ ಬರೋರು ಅಲ್ಲಿಂದ ಶುರು ಮಾಡಬಹುದು. ಜೊತೆಗೆ ಪಂಚಾಯಿತಿ ಚುನಾವಣೆ ಟೈಮಿಗೆ ಸರಿಯಾಗಿ ಆಗಲಿ, ತಾಲ್ಲೂಕು ಜಿಲ್ಲೆಯವರಂಗೆ ನಮ್ಮ ಊರಿಗೂ ಆಡಳಿತಾಧಿಕಾರಿ ಬಂದು ಕೂರೋದು ಬ್ಯಾಡ ಅಂತ ಒಂದು ಠರಾವು ಮಾಡಿಸೋ ವಿಚಾರ ಇದೆ. ನಿಮ್ಮ ಊರಲ್ಲೂ ಮಾಡ್ರಿ. ಒಂದು ಊರಿನ ಠರಾವಿಗೆ ತೂಕ ಇರೋದಿಲ್ಲ, ನೂರು ಊರಿನದು ಸೇರಿದರೆ ಇರ್ತದ.

ಅಷ್ಟೇ ರೀ. ಬಹಳ ಉದ್ದ ಆಯ್ತು. ಓದಿದ ಮೇಲೆ ಒಂದು ಕೆಲಸ ಮಾಡ್ರಿ. ನಿಮ್ಮ ವಾರ್ಡಿನ ಮೆಂಬರ್ ನಂಬರು ಫೋನಿನಲ್ಲಿ ಇದೆಯಾ ನೋಡ್ರಿ. ಇಲ್ಲದಿದ್ದರೆ ಹುಡುಕಿ ಹಾಕ್ಕೋರಿ. ಇವತ್ತೇ ಫೋನು ಮಾಡಿ ಬೈಬ್ಯಾಡ್ರಿ. ಮುಂದಿನ ಸಭೆ ಯಾವಾಗ ಅಂತ ಕೇಳ್ರಿ.

ನಾಳೆ ಬೆಳಗ್ಗೆ ಹೊಲಕ್ಕೆ ಹೋಗ್ತೀನಿ. ಕಾಯಿಯಲ್ಲಿ ಹುಳ ಬಿದ್ದಿದೆ ಅಂತ ಫೋನು ಬಂದಿದೆ. ದಾರಿ ಇದೆ, ಹೋಗೋಕೆ ತ್ರಾಸಿಲ್ಲ.